ಎರಡು ಗಡಿಯಾರದ ಸಾಹೇಬರು

ನನ್ನ ಮೊಮ್ಮಗಳನ್ನ ಇವತ್ತು ತೊಟ್ಟಿಲಿಗೆ ಹಾಕಿದಿವ್ರಿ, ಅದೂ ಅವರಪ್ಪನ ಕೈಲೆ. ಬೆಳಿಗ್ಗಿಂದ ಖುಷಿಗೆ ನನ್ನ ಕಾಲು ನೆಲದ ಮ್ಯಾಲೆ ನಿಲ್ಲವಲ್ವು. ಇದಕ್ಕೆಲ್ಲಾ ಕಾರಣ ಅಳಿಯನ ಆಫೀಸಿನ ಸಾಹೇಬರು.

ಕೊಂಡಾಪುರದ ಆ ಆಫೀಸಿನ್ಯಾಗ ಫಿಲಿಪೈನ್ಸ್ ದೇಶದ ಒಂದು ಗುಡ್ಡದ ಊರಿನ ಕಂಪನಿಯವರ ಕೆಲಸ ಕಂಪ್ಯೂಟರಿನ ಮ್ಯಾಲೆ ನಡೀತೈತಿ. ಅದಕ್ಕ ಸಾಹೇಬರು ಎರಡೂ ಕೈಗೆ ಗಡಿಯಾರ ಕಟ್ಟತಾರ, ಒಂದು ಇಲ್ಲಿದು, ಒಂದು ಅಲ್ಲಿದು. ಟೈಮ್ ಕೇಳಿದ್ರ ಮೊದಲು ಅಲ್ಲಿದು ಹೇಳ್ತಾರ. ದಸರಾಕ್ಕ ರಜಾ ಕೇಳಿದ್ರೂ, ದೀಪಾವಳಿಗೆ ಕೇಳಿದ್ರೂ ಒಂದೇ ಮಾತು: "ಅಲ್ಲಿ ರಜಾ ಇದ್ರ ಇಲ್ಲಿ ರಜಾ."

ತೊಟ್ಟಿಲಿಗೆ ರಜಾ ಕೇಳಿದಾಗಲೂ ಅಳಿಯಗ ಅದೇ ಉತ್ತರ ಸಿಕ್ತು. ಅಪ್ಪ ಇಲ್ಲದ ತೊಟ್ಟಿಲು ಎಂಥಾದ್ದಂತ ನನ್ನ ಮಗಳು ಅತ್ತಳು. ನಾನೇ ಹೋಗಿ ಕೇಳಿದೆ, "ಸಾಹೇಬ್ರ, ಅಲ್ಲಿ ರಜಾ ಯಾವಾಗ ಐತ್ರಿ?"

ಸಾಹೇಬರು ಅಲ್ಲಿ ಟೈಮಿನ ಗಡಿಯಾರ ಒರೆಸಿಕೋತ ಅಂದ್ರು, "ಶುಕ್ರವಾರ ಐತಿ, ಅಜ್ಜಾರ. ಅವರ ಊರಾಗ ಹೂವಿನ ಹಬ್ಬ."

"ಹಂಗಾದ್ರ ನಮ್ಮ ತೊಟ್ಟಿಲೂ ಶುಕ್ರವಾರನ ಆಗಲಿ."

"ಆಗಲಿ. ಆದ್ರ ರಜಾ ತಗೊಂಡವರು ಹೂವಿನ ಹಬ್ಬ ಮಾಡಬೇಕು. ನಾ ಬಂದು ನೋಡ್ತೀನಿ."

ಇವತ್ತು ಬಂದೂ ಬಂದ್ರು, ಚೆಂಡುಹೂವಿನ ಚೀಲ ಹೊತ್ಕೊಂಡು. ತೊಟ್ಟಿಲಿಗೆ ಕಟ್ಟಿದ್ರು, ಕಿಟಕಿಗೆ ಕಟ್ಟಿದ್ರು, ಸುಮ್ಮನ ಕುಂತಿದ್ದ ನನಗೂ ಸುತ್ತಿದ್ರು. ಹೆಸರು ಕೂಗೂ ಹೊತ್ತಿಗೆ ಹೂವಿನ್ಯಾಗ ಕೂಸನ್ನ ಹುಡುಕಬೇಕಾತು.

ಸಂಜಿಗೆ ಎಲ್ಲಾರೂ ಸಾಲಾಗಿ ಕುಂತು ಶೇಂಗಾ ಹೋಳಿಗಿ ಉಂಡ್ವಿ. ಕೂಸು ಅಳಿಯನ ತೋಳಮ್ಯಾಲೆ ಮಲಗಿತ್ತು. ಕೈ ತೆಗೆದ್ರ ಎಚ್ಚರಾಗ್ತದಂತ ಅವ ಅಲುಗಾಡಲಿಲ್ಲ. ಅವನ ಬಾಯಿಗೆ ಸಾಹೇಬರೇ ತುತ್ತು ಇಟ್ರು.