ಸರ್ವರ್ ಚಾಲೂ ಮಾಡಿದ ರಾತ್ರಿ

ಇದನ್ನು ಓದಿ ನಗುವವರು ಒಮ್ಮೆ ಆ ರಾತ್ರಿ ನನ್ನ ಜಾಗದಲ್ಲಿ ನಿಂತಿರಬೇಕಿತ್ತು... ಆಮೇಲೆ ನಗಬಹುದಿತ್ತು. ಕಟ್ಟುಕಥೆ ಹೇಳಿ ನನಗೇನೂ ಆಗಬೇಕಾಗಿಲ್ಲ. ದೆವ್ವ ಗಿವ್ವ ಎಂದವರನ್ನು ಬೈದು ಕಳಿಸುವ ಹೆಂಗಸು ನಾನು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅಂಥ ನನಗೇ ಇದು ಆಯಿತು, ನನ್ನ ಕಣ್ಣೆದುರಿಗೇ ಆಯಿತು.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಶಾಹೀನ್ ಅಲ್ಲಿಗೆ ಕಲಿಯಲು ಬಂದವಳು. ಗಂಡ ಒದ್ದು ಅವಳ ಪಕ್ಕೆಲುಬು ಮುರಿದಿದ್ದ. ಪಾಪಿ. ಕೊನೆಗೆ ಅವಳು ಪುಟ್ಟ ಮಗಳು ಆಫ್ರೀನಳನ್ನು ಎತ್ತಿಕೊಂಡು ಕಮಲಾಪುರಕ್ಕೆ ಹೋಗಿ, ಎರಡು ಖೋಲಿಯ ಬಾಡಿಗೆ ಮನೆ ಹಿಡಿದು, ಬ್ಲೌಸುಗಳಿಗೆ ಆರಿ ವರ್ಕ್ ಕಸೂತಿ ಮಾಡಿ ಬದುಕತೊಡಗಿದಳು. ಅವನು ಬಿಟ್ಟಾನೆಯೇ? "ಎಲ್ಲೇ ಇರು, ಬಾಗಲಾ ಒಡದು ಕೂಸಿನ್ನ ಎತ್ಕೊಂಡು ಹೋಗ್ತೀನಿ" ಎಂದು ಫೋನು ಮಾಡುತ್ತಲೇ ಇದ್ದ. ಮಗಳು ಅವನ ಕೈಗೆ ಸಿಕ್ಕರೆ ಜೀವಂತ ಉಳಿಯುವುದಿಲ್ಲ ಎಂಬ ಭಯ ಶಾಹೀನಳಿಗೆ.

ತನ್ನ ಬ್ಲೌಸುಗಳ ಚಿತ್ರ ಹಾಕಿ ಒಂದು ವೆಬ್ ಪುಟ ಮಾಡಬೇಕು, ಅದು ತನ್ನ ಹಳೇ ಲ್ಯಾಪ್‌ಟಾಪಿನಿಂದಲೇ ನಡೆಯಬೇಕು ಎಂದು ಹಟ ಹಿಡಿದಿದ್ದಳು. ಕಲಿಸಲು ಒಂದು ಸಂಜೆ ನಾನೇ ಕಮಲಾಪುರದ ಬಸ್ಸು ಹತ್ತಿದೆ.

ಊಟವಾದ ಮೇಲೆ ಹೊರಗಿನ ಖೋಲಿಯಲ್ಲಿ ಕೂತೆವು. ಆಫ್ರೀನ್ ಬಂದು ಬಂದು ವೈರ್ ಜಗ್ಗುತ್ತಿದ್ದಳು. ಶಾಹೀನ್ ಅವಳನ್ನು ಒಳಗಿನ ಖೋಲಿಯಲ್ಲಿ ಮಲಗಿಸಿ, ಎದ್ದು ಬರದಿರಲೆಂದು ಹೊರಗಿನಿಂದ ಚಿಲಕ ಹಾಕಿ ಬಂದಳು.

"ಸರ್ವರ್ ಅಂದ್ರ ಬಾಗಲದಾಗ ಕುಂತ ಮನುಷ್ಯಾ ಅಂತ ತಿಳಿ" ಎಂದೆ. "ಯಾರರೆ ಬಂದು ಇಂಥಾ ಪುಟ ಕೊಡ್ರಿ ಅಂದ್ರ ತಗದು ಕೊಡ್ತಾನ. ಕೇಳಿದವ್ರು ಯಾರು ಅಂತ ಈ ಕರೇ ಪರದಾದ ಮ್ಯಾಲ ಒಂದು ಸಾಲು ಬೀಳ್ತದ."

ಶಾಹೀನ್ ಸರ್ವರ್ ಚಾಲೂ ಮಾಡಿದಳು. ನನ್ನ ಮೊಬೈಲಿನಲ್ಲಿ ಪುಟ ತೆರೆದೆ. ಪರದೆಯ ಮೇಲೆ ನನ್ನ ಮೊಬೈಲಿನ ನೆಟ್‌ವರ್ಕ್ ವಿಳಾಸದ ಅಂಕಿ ಬಿತ್ತು. ಅವಳು ಲ್ಯಾಪ್‌ಟಾಪಿನಲ್ಲೇ ತೆರೆದಳು. 127.0.0.1 ಎಂದು ಬಿತ್ತು.

"ಇದ್ಯಾರ್ರೀ ಅಕ್ಕಾ?"

"ಯಾರೂ ಅಲ್ಲ. ಲ್ಯಾಪ್‌ಟಾಪ್ ತನ್ನನ್ನ ತಾನೇ ಕೇಳ್ಕೊಂಡದ. ನೀನೇ ಬಾಗಲಾ ಬಡದು ನೀನೇ ತಗದಂಗ."

"ಯಾ ಅಲ್ಲಾ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ಕರೆಂಟು ಹೋಯಿತು.

ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಅವಳ ಮುಖದ ಮೇಲೆ ಅದರ ಬೆಳಕಷ್ಟೇ. ನಾನು ಮೊಬೈಲಿನ ಟಾರ್ಚ್ ಹುಡುಕುತ್ತಿದ್ದೆ...

ಧಡ್!

ಮನೆಯೆಲ್ಲಾ ಅದುರಿತು. ಕರೀ ಪರದೆಯ ಮೇಲೆ ಒಂದು ಸಾಲು ಬಿತ್ತು.

ಧಡ್! ಮತ್ತೊಂದು ಸಾಲು.

"ಬಂದ..." ಎಂದಳು ಶಾಹೀನ್. "ಬಂದಾನ್ರೀ ಅಕ್ಕಾ..."

ನನ್ನ ಮೈಯೆಲ್ಲಾ ಉರಿದುಹೋಯಿತು. ಮೂಲೆಯಲ್ಲಿದ್ದ ಒನಕೆ ಎತ್ತಿಕೊಂಡು ಬೀದಿ ಬಾಗಿಲಿಗೆ ಹೋದೆ. "ಲೇ ಭಾಡ್ಯಾ! ಒಳಗ ಕಾಲಿಟ್ಟು ನೋಡು, ನಿನ್ನ ತಲಿ ಎರಡು ಹೋಳು ಮಾಡ್ತೀನಿ!" ಎಂದು ಕಿರುಚಿದೆ.

ಧಡ್! ಧಡ್!

ಬಾಗಿಲಿನ ಮೇಲೆ ನನ್ನ ಅಂಗೈ ಇತ್ತು. ಅದು ಒಂದಿಷ್ಟೂ ಅಲುಗಲಿಲ್ಲ.

ಬಿರುಕಿನಿಂದ ಇಣುಕಿದೆ. ಬೆಳದಿಂಗಳಲ್ಲಿ ಓಣಿ ಖಾಲಿ. ಕಟ್ಟೆಯ ಮೇಲೆ ಒಂದು ನಾಯಿ ನಿಶ್ಚಿಂತೆಯಿಂದ ಮಲಗಿತ್ತು.

ತಿರುಗಿ ನೋಡಿದೆ. ಒಳಗಿನ ಖೋಲಿಯ ಬಾಗಿಲು ನಮ್ಮ ಕಡೆಗೆ ಉಬ್ಬಿ ಉಬ್ಬಿ ಬರುತ್ತಿತ್ತು. ಚಿಲಕ ಗಲಗಲ ಎನ್ನುತ್ತಿತ್ತು.

ಮಗು ಒಳಗಿತ್ತು.

"ಶಾಹೀನ್! ಏಳು!"

ಅವಳು ಏಳಲಿಲ್ಲ. ಪರದೆಯನ್ನೇ ನೋಡುತ್ತಾ ಕೂತಿದ್ದಳು. ಕೈಗಳು ತೊಡೆಯ ಮೇಲೆ ಮುಷ್ಟಿ ಕಟ್ಟಿದ್ದವು, ಹಲ್ಲು ಕಡಿಯುವ ಸದ್ದು ನನಗೆ ಕೇಳುತ್ತಿತ್ತು. ಭಯಕ್ಕೆ ಹಾಗಾಗಿದೆ ಎಂದುಕೊಂಡೆ. ಪರದೆಯ ಮೇಲೆ ಒಂದೇ ಸಮನೆ ಸಾಲುಗಳು ಬೀಳುತ್ತಿದ್ದವು. ಎಲ್ಲದರಲ್ಲೂ ಅದೇ 127.0.0.1... ಕೀಲಿಗಳನ್ನು ಯಾರೂ ಮುಟ್ಟಿರಲಿಲ್ಲ.

ಒಳಗಿನಿಂದ ಗಂಡಸಿನ ಕೂಗು ಕೇಳಿತು. ಬೈಗುಳವಲ್ಲ, ಅಳು. "ಛೋಡ್ ದೇ... ಬಿಟ್ಟಬಿಡು... ಸಾಯ್ತೀನಿ..." ಹಿಂದೆಯೇ ಒಣಕಟ್ಟಿಗೆ ಮುರಿದಂಥ ಸದ್ದು. ಬಾಗಿಲ ಸಂದಿನಿಂದ ಗುಟ್ಕಾದ ವಾಸನೆ ಬಂತು, ಅದರ ಜೊತೆ ಹಸಿ ರಕ್ತದ ವಾಸನೆ.

ಚಿಲಕಕ್ಕೆ ಕೈ ಹಾಕಿದೆ. ಹೊಡೆತದ ರಭಸಕ್ಕೆ ಅದು ಜಗ್ಗಲು ಬರಲಿಲ್ಲ, ಬೆರಳಿನ ಚರ್ಮ ಕಿತ್ತು ಹೋಯಿತು. ಆಗ ಅದೇನು ಹೊಳೆಯಿತೋ... ಸಾಲು ಬಿದ್ದಾಗಲೆಲ್ಲ ಹೊಡೆತ, ಸಾಲು ಬಿದ್ದಾಗಲೆಲ್ಲ ಹೊಡೆತ. ಓಡಿ ಬಂದು ಸರ್ವರ್ ನಿಲ್ಲಿಸುವ ಕೀಲಿಗಳನ್ನು ಒತ್ತಿದೆ.

ಎಲ್ಲಾ ನಿಂತುಹೋಯಿತು.

ಶಾಹೀನ್ ಉದ್ದನೆಯ ಉಸಿರು ಬಿಟ್ಟು ಪಕ್ಕಕ್ಕೆ ವಾಲಿದಳು. ಬಾಗಿಲು ತೆಗೆದು ಟಾರ್ಚ್ ಬಿಟ್ಟೆ. ಆಫ್ರೀನ್ ಹಾಸಿಗೆಯ ಮೇಲೆ ಕೂತಿದ್ದಳು, ಮೈಮೇಲೆ ಒಂದು ಗೀರೂ ಇರಲಿಲ್ಲ. ಬೇರೆ ಯಾರೂ ಇರಲಿಲ್ಲ. ಕಿಟಕಿಯ ಸರಳುಗಳು ಗಟ್ಟಿಯಾಗಿದ್ದವು. ಬಾಗಿಲಿನ ಒಳಬದಿಯಲ್ಲಿ ಮಾತ್ರ, ನನ್ನ ಭುಜದೆತ್ತರಕ್ಕೆ, ಹಲಗೆ ಜಜ್ಜಿಹೋಗಿತ್ತು. ಅಲ್ಲಿಂದ ರಕ್ತ ಇಳಿದು ಫರಸಿ ಕಲ್ಲಿನ ನೆಲದ ಮೇಲೆ ನಿಂತಿತ್ತು. ಸೀಳಿದ ಕಟ್ಟಿಗೆಯಲ್ಲಿ ಒಂದು ಇಡೀ ಉಗುರು ಸಿಕ್ಕಿಕೊಂಡಿತ್ತು.

ಆ ಮನೆಯಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲ. ಹುಮನಾಬಾದ್ ಕಡೆಯಿಂದ ಬರುತ್ತಿದ್ದ ತರಕಾರಿ ಗಾಡಿಗೆ ಕೈ ಮಾಡಿ, ಮೂವರೂ ಕಲಬುರಗಿ ಹತ್ತಿರದ ಕುಸನೂರಿನ ನನ್ನ ಮನೆಗೆ ಬಂದುಬಿಟ್ಟೆವು.

ಬೆಳಿಗ್ಗೆ ಶಾಹೀನಳ ಅತ್ತೆಯ ಫೋನು ಬಂತು. ಮುದುಕಿ ಎದೆ ಬಡಿದುಕೊಂಡು ಅಳುತ್ತಿದ್ದಳು. "ಏನ್ ಮಾಡ್ಸಿದಿ ನನ್ನ ಮಗಗ? ಮನ್ಯಾಗ ಒಳಗಿಂದ ಚಿಲಕಾ ಹಾಕ್ಕೊಂಡು ಮಲಗಿದ್ದ... ನಿದ್ದಿಗಣ್ಣಾಗ ಚೀರ್ದ, ಬಾಗಲಾ ಒಡದು ನೋಡಿದ್ರ ಬಲಗೈ ಪುಡಿ ಪುಡಿ ಆಗ್ಯಾದ! ಇನ್ನ ಕೂಸಿನ ಸುದ್ದಿಗಿ ಬರಂಗಿಲ್ಲ ಅಂತ ಕೈ ಮುಗೀಲಿಕತ್ತಾನ!"

ನನಗೆ ಖುಷಿಯಾಯಿತು. ಯಾಕೆ ಸುಳ್ಳು ಹೇಳಲಿ? ಅವನಿಗೆ ತಕ್ಕ ಶಾಸ್ತಿಯಾಯಿತು ಎಂದೇ ಅಂದುಕೊಂಡೆ. ಮಗು ಉಳಿಯಿತಲ್ಲ, ಸಾಕು.

ಕೆಲವು ದಿನಗಳ ನಂತರ ಆಫ್ರೀನಳಿಗೆ ಜಡೆ ಹಾಕುತ್ತಿದ್ದೆ. ಶಾಹೀನ್ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ನನ್ನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿತು.

"ಖಾಲಾ... ನಮ್ಮ ಅಬ್ಬಾ ಬಾಗಲಾ ಬಡೀಲಿಲ್ಲ."

"ಮತ್ತ?"

"ಅಬ್ಬಾನ ಕೈ ಹಿಡದು ಬಾಗಲಕ್ಕ ಹೊಡದ್ರು. ಅಬ್ಬಾ ಬ್ಯಾಡ ಬ್ಯಾಡ ಅಂತ ಅತ್ರು."

"ಯಾರವ್ವಾ ಹೊಡದವ್ರು?"

ಅವಳು ಅಡುಗೆಮನೆಯ ಕಡೆ ನೋಡಿದಳು. "ಅಮ್ಮಿ."

ಅಮ್ಮಿ ಆ ಹೊತ್ತಿನಲ್ಲೆಲ್ಲಾ ನನ್ನೊಂದಿಗೆ ಹೊರಗಿನ ಖೋಲಿಯಲ್ಲಿದ್ದಳು. ನಾನೇ ಸಾಕ್ಷಿ.

ಅವರಿಬ್ಬರೂ ಈಗಲೂ ನನ್ನ ಮನೆಯಲ್ಲೇ ಇದ್ದಾರೆ. ಶಾಹೀನ್ ಚೆನ್ನಾಗಿ ನಿದ್ದೆ ಮಾಡುತ್ತಾಳೆ, ನಗುತ್ತಾಳೆ, ನನಗಿಂತ ಮೊದಲೆದ್ದು ಚಹಾ ಮಾಡುತ್ತಾಳೆ. ಮೊನ್ನೆ ಕಪ್ಪು ಕೈಗಿಡುತ್ತಾ ಮೆಲ್ಲಗೆ ಕೇಳಿದಳು:

"ಅಕ್ಕಾ, ನೀವು ಕಲಿಸಿದ ಸರ್ವರ್ ಮನೀ ಒಳಗಷ್ಟೇ ನಡೀತದಲ್ರೀ... ಹೊರಗಿನ ಊರಿಗೂ ಮುಟ್ಟೋ ಹಂಗ ಮಾಡೋದು ಯಾವಾಗ ಕಲಿಸ್ತೀರಿ?"

ನಾನಿನ್ನೂ ಹೂಂ ಎಂದಿಲ್ಲ.