ದೇವರ ಕಾರ್ಡಿನ ನಾಲ್ಕು ಮೂಲೆ

ಮಕ್ಕಳಿಗೆ ಕಣ್ಣಿಗೆ ಕಾಣದ ಬರಹ ಕಲಿಸಲು ನನ್ನನ್ನು ಶಾಲೆಗೆ ಕರೆದವರು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ವಿಜ್ಞಾನದ ಮೇಡಂ. ಅವರು ಕರೆದದ್ದು ತಪ್ಪಲ್ಲ, ನಾನು ಹೋದದ್ದೂ ತಪ್ಪಲ್ಲ. ತಪ್ಪು ಆಮೇಲೆ ನಡೆಯಿತು, ಮತ್ತು ಅದನ್ನು ಮಾಡಿದವನು ನಾನೇ.

ಕೊಣನೂರಿನಲ್ಲಿ ನನ್ನದು ದಿನಸಿ ಅಂಗಡಿ. ಮಂಡಿನೋವು ಶುರುವಾದ ಮೇಲೆ ಅದನ್ನು ಸೊಸೆಗೆ ಬಿಟ್ಟು ಜಗಲಿಯ ಮೇಲೆ ಕೂತು ದಾರಿಹೋಕರನ್ನು ಮಾತಾಡಿಸುವುದೇ ಕೆಲಸವಾಗಿತ್ತು. ಮೇಡಂ ಹಾಸನದವರು, ಅರಕಲಗೂಡು ದಾರಿಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ವರ್ಷ ಮುಗಿದಾಗ ನೌಕರಿಯೂ ಮುಗಿಯುತ್ತದೆ. ಜೂನ್‌ನಲ್ಲಿ ಹೆಡ್‌ಮಾಸ್ಟರು ಮತ್ತೆ ಹೆಸರು ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಸಂಜೆ ಅವರ ಮುಂದೆ, ನಿಂಬೆರಸದಲ್ಲಿ ಚೀಟಿ ಬರೆದು ಇಸ್ತ್ರಿಪೆಟ್ಟಿಗೆಯಿಂದ ಓದುತ್ತಿದ್ದ ನನ್ನ ಶಾಲಾದಿನಗಳ ಬಗ್ಗೆ ಕೊಚ್ಚಿಕೊಂಡೆ. "ತಾತ, ಶನಿವಾರ ಮಕ್ಕಳು ಬ್ಯಾಗ್ ತರಲ್ಲ. ಬಂದು ಇದನ್ನೇ ಹೇಳ್ಕೊಡಿ" ಎಂದರು. ಹೊಸ ಪಂಚೆ ಉಟ್ಟು ಹೋದೆ.

ನಿಂಬೆರಸದ ಅಕ್ಷರ ಇಸ್ತ್ರಿಯ ಕೆಳಗೆ ಕಂದುಬಣ್ಣದಲ್ಲಿ ಮೂಡಿದಾಗ ಒಂಬತ್ತನೇ ಕ್ಲಾಸಿನ ಮಕ್ಕಳು ಬೆಂಚು ಹತ್ತಿ ನಿಂತವು. ಹಿಂದಿನ ಸಾಲಿನ ಒಬ್ಬ ಕೇಳಿದ, "ತಾತ, ಇದು ಪರೀಕ್ಸೆಗೆ ಬತ್ತದಾ?"

"ಬತ್ತದೆ. ಇಸ್ತ್ರಿಪೆಟ್ಗೆ ಒಳೀಕ್ ಬುಟ್ರೆ ಕಾಪಿ ಒಡಿ ಓಗ್ಲಾ" ಎಂದೆ. ಮೇಡಂ ನನ್ನತ್ತ ಕಣ್ಣು ಬಿಟ್ಟರು.

ಮೇಣದಬತ್ತಿಯಲ್ಲಿ ಗೀಚಿ ಮೇಲೆ ಇಂಕು ಬಳಿಯುವುದು, ಪ್ರತಿ ಸಾಲಿನ ಮೊದಲ ಅಕ್ಷರದಲ್ಲಿ ಮಾತು ಅಡಗಿಸುವುದು, ಎಲ್ಲ ಕಲಿಸಿದೆ. ಮಾತಿನ ನಡುವೆ 'ಕ' ಸೇರಿಸುವ ಕ-ಭಾಷೆ ಹೇಳಿಕೊಡಲು ಹೋದರೆ ಹುಡುಗಿಯರು ನನಗಿಂತ ಚುರುಕಾಗಿ ಆಡಿ, ನನ್ನ ಬೋಳುತಲೆಯ ವಿಷಯವನ್ನೇ ಚರ್ಚಿಸಿದರು. ಎಲ್ಲಕ್ಕಿಂತ ಅವರಿಗೆ ಹಿಡಿಸಿದ್ದು ಅರಿಶಿನದ ಆಟ. ಬಟ್ಟೆ ಒಗೆಯುವ ಸೋಡಾವನ್ನು ನೀರಲ್ಲಿ ಕರಗಿಸಿ, ಕಡ್ಡಿಗೆ ಹತ್ತಿ ಸುತ್ತಿ ಬರೆದು ಒಣಗಿಸಿದರೆ ಕಾಗದ ಬಿಳಿಯಾಗಿಯೇ ಇರುತ್ತದೆ. ಮೇಲೆ ಅರಿಶಿನದ ನೀರು ಸವರಿದರೆ ಸಾಕು, ಅಕ್ಷರ ಕೆಂಪಗೆ ಎದ್ದು ಬರುತ್ತದೆ. ಮೇಡಂ ಕಾರಣ ವಿವರಿಸಿ, ಆ ಹಾಳೆಗಳನ್ನೆಲ್ಲ ತರಗತಿಯ ಗೋಡೆಗೆ ಅಂಟಿಸಿದರು.

ಮೂರನೆಯ ವಾರ ಹೋದಾಗ ನಮ್ಮ ಪಾಠವೇ ಇರಲಿಲ್ಲ. ಹೆಡ್‌ಮಾಸ್ಟರ ಮಗಳಿಗೆ ಚನ್ನರಾಯಪಟ್ಟಣದ ಕಡೆ ಗಂಡು ಗೊತ್ತಾಗಿತ್ತು. ಮದುವೆ ಕಾರ್ಡುಗಳ ಗಂಟು ಮೇಜಿನ ಮೇಲಿತ್ತು; ಅಕ್ಷರ ದುಂಡಗಿರುವ ಮಕ್ಕಳೆಲ್ಲ ಕವರುಗಳ ಮೇಲೆ ವಿಳಾಸ ಬರೆಯುತ್ತಿದ್ದವು. ಒಬ್ಬ ಹುಡುಗಿ ಧೈರ್ಯ ಮಾಡಿ ಕೇಳಿದಳು, "ಸಾ, ಮದ್ವೆಗೆ ನಮ್ಮುನ್ನೂ ಕರೀತೀರಾ ಸಾ?"

"ಮೊದ್ಲು ಪಿನ್‌ಕೋಡ್ ನೆಟ್ಟಗೆ ಬರಿ. ಆಮೇಲೆ ಊಟದ್ ಮಾತು" ಎಂದರು ಅವರು. ಮಕ್ಕಳು ನಕ್ಕವು. ಆ ಹುಡುಗಿ ನಗಲಿಲ್ಲ. ಹೆಡ್‌ಮಾಸ್ಟರು ಮೇಲಿನ ಒಂದು ಕಾರ್ಡನ್ನು ಬೇರೆ ಇಟ್ಟು, "ಇದು ದೇವರಿಗೆ, ಯಾರೂ ಮುಟ್ಟಬೇಡಿ" ಎಂದು ಹೇಳಿ ಆಫೀಸಿಗೆ ಹೋದರು. ಮೇಡಂ ಎಂಟನೇ ಕ್ಲಾಸಿನಲ್ಲಿದ್ದರು.

ಮುಟ್ಟಬೇಡಿ ಎಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಮದುವೆ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿನ ಹಚ್ಚದೆ ದೇವರ ಮುಂದಿಡುವ ಮನೆ ನಮ್ಮ ಸೀಮೆಯಲ್ಲಿ ಇಲ್ಲ. ಜೇಬಿನಲ್ಲಿ ಸೋಡಾನೀರಿನ ಶೀಸೆಯಿತ್ತು. ಒಂದೊಂದು ಮೂಲೆಗೆ ಒಂದೊಂದು ಮಾತು ಬರೆದೆ: ಬರೆದ, ಮಕ್ಕಳಿಗೂ, ಊಟ, ಹಾಕು. ಫ್ಯಾನಿನ ಗಾಳಿಗೆ ಒಣಗಿಸಿ ಮೊದಲಿನ ಹಾಗೆಯೇ ಇಟ್ಟೆ. ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರು ನೋಡಿ ಬಾಯಿಗೆ ದುಪಟ್ಟಾ ಒತ್ತಿಕೊಂಡರು. ತುಟಿಯ ಮೇಲೆ ಬೆರಳಿಟ್ಟು ಕಣ್ಣು ಹೊಡೆದೆ. ಮೇಡಂಗೆ ಹೇಳಲಿಲ್ಲ, ಹೇಳಿದರೆ ಅಳಿಸಿಬಿಡುತ್ತಾರೆಂಬ ಭಯ. ಬಸ್ಸಿನಲ್ಲಿ ಒಬ್ಬನೇ ನಗುತ್ತಾ ಬಂದೆ.

ಹೊಳೆನರಸೀಪುರದ ಅವರ ಮನೆಯಲ್ಲಿ ಮರುದಿನ ಹೆಡ್‌ಮಾಸ್ಟರ ತಾಯಿ ಮನೆದೇವರಾದ ಅಮ್ಮನವರ ಮುಂದೆ ಕೂತು ಅರಿಶಿನ ಹಚ್ಚಿದರಂತೆ. ಹಚ್ಚಿದ ಹಾಗೆಲ್ಲ ಕೆಂಪು ಅಕ್ಷರ. "ಅಮ್ಮನೇ ಕೇಳ್ತಾವ್ಳೆ ಕಣೋ" ಎಂದು ಆ ಮುದುಕಿ ಮನೆಯೆಲ್ಲ ಕೂಗಿದರಂತೆ. ಮಗನಿಗೆ ಮಾತ್ರ ನಮ್ಮ ತರಗತಿಯ ಗೋಡೆ ನೆನಪಾಯಿತು.

ಸೋಮವಾರ ಸಂಜೆ ಮೇಡಂ ಮೆಟ್ಟಿಲ ಮೇಲೆ ಬ್ಯಾಗು ಹಾಕಿ ಕೂತರು. "ಯಾವ ಮಗು ಮಾಡಿದ್ದು ಅಂತ ಹೆಸರು ಕೊಡಿ, ಇಲ್ಲದಿದ್ರೆ ಜೂನ್‌ಗೆ ನಿಮ್ಮ ಹೆಸರು ಕಳ್ಸಲ್ಲ ಅಂದ್ರು ಹೆಡ್‌ಮಾಸ್ಟ್ರು, ತಾತ. ಮಕ್ಕಳ ಹೆಸರು ನಾನು ಕೊಡಲ್ಲ ಅಂದ್ಬಿಟ್ಟೆ."

ಆಗಲೇ ಬಾಯಿ ಬಿಡಬೇಕಿತ್ತು. "ಸರಿಹೋಯ್ತದೆ ಬುಡವ್ವ" ಎಂದೆ. ಅಷ್ಟೇ ಅಂದದ್ದು. ಈ ವಯಸ್ಸಿನಲ್ಲಿ ಹುಡುಗಾಟ ಮಾಡಿ ಸಿಕ್ಕಿಬಿದ್ದೆ ಎಂದು ಊರು ನಗುತ್ತದಲ್ಲ ಎಂಬ ನಾಚಿಕೆ. ಆ ಇಬ್ಬರು ಹುಡುಗಿಯರೂ ಬಾಯಿ ಬಿಟ್ಟಿರಲಿಲ್ಲ. ಬಿಸಿಲಲ್ಲಿ ಇಡೀ ಕ್ಲಾಸನ್ನು ನಿಲ್ಲಿಸಿದರೂ ನನ್ನ ಹೆಸರು ಹೇಳಲಿಲ್ಲವಂತೆ. ಅದು ಗೊತ್ತಾದದ್ದು ಗುರುವಾರ. ಆವತ್ತೇ ಸಂಜೆ ಹೊಳೆನರಸೀಪುರದ ಬಸ್ಸು ಹತ್ತಿದೆ.

ಹೆಡ್‌ಮಾಸ್ಟರು ನಡುಮನೆಯಲ್ಲಿ ಕೂತಿದ್ದರು. ಅವರ ತಾಯಿ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದರು. ಇಲ್ಲಿ ಇನ್ನೊಂದು ಇಕ್ಕಟ್ಟು ಕಾದಿತ್ತು. ದೇವರ ಮಾತು ಮೀರಬಾರದೆಂದು ಆ ತಾಯಿ ಶಾಲೆಯ ಮಕ್ಕಳಿಗೆಲ್ಲ ಊಟ ಹಾಕಿಸಲು ಹಟ ಹಿಡಿದಿದ್ದರು. ನಾನು ನಿಜ ಹೇಳಿದರೆ ಮಕ್ಕಳ ಊಟ ಹೋಗುತ್ತದೆ, ಹೇಳದಿದ್ದರೆ ಮೇಡಂ ಕೆಲಸ ಹೋಗುತ್ತದೆ. ಕೊಟ್ಟ ಕಾಫಿ ಆರುವ ತನಕ ಕೂತಿದ್ದು ಕೊನೆಗೆ ಹೇಳಿದೆ: "ಬರೆದೋನು ನಾನು ಸಾ. ಮೇಡಂಗೂ ಮಕ್ಕಳಿಗೂ ಸಂಬಂಧ ಇಲ್ಲ."

"ನೀವಾ? ಹಲ್ಲು ಬಿದ್ದೋದ್ರೂ ಬುದ್ಧಿ ಬರ್ಲಿಲ್ವಲ್ರೀ ಯಜಮಾನ್ರೇ!" ಎಂದು ಎದ್ದು ನಿಂತರು. ತಾಯಿಯ ಕಡೆ ತಿರುಗಿ, "ಕೇಳಿದ್ಯಾ ಅವ್ವ? ದೇವ್ರೂ ಇಲ್ಲ ಏನೂ ಇಲ್ಲ. ಇನ್ನು ಆ ಊಟದ ಮಾತು ಬಿಡು" ಎಂದರು.

ಆಕೆ ತಲೆ ಎತ್ತಲಿಲ್ಲ. "ಆರತಿ ನೀರಿಗೆ ಅರಿಶ್ನ ಸುಣ್ಣ ಕಲಸಿ ಕಲಸಿ ನನ್ ಕೈ ಸವದೋಗವೆ. ಕೆಂಪು ಎಂಗಾಯ್ತದೆ ಅಂತ ನಂಗೊತ್ತಿಲ್ವೇನ್ಲಾ?"

"ಮತ್ತೆ ಅಮ್ಮ ಕೇಳ್ತಾವ್ಳೆ ಅಂತ ಕೂಗಿದ್ದು?"

"ನಾನು ಕೇಳಿದ್ರೆ ನೀನು ಆಕ್ತಿದ್ಯಾ? ಮಕ್ಳು ಕೈಲಿ ಕವರು ಬರೆಸ್ಕಂಡು ಬರೀ ಕೈಲಿ ಕಳ್ಸಿದ್ಯಲ್ಲಾ. ದೇವ್ರ ಮುಂದೆ ಊಂ ಅಂದ್ಬುಟ್ಟಿವ್ನಿ, ಊಟ ಆಕ್ಲೇಬೇಕು. ಆ ಮೇಡಮ್ಮನ ಎಸ್ರೂ ಕಳ್ಸು."

ಹೆಡ್‌ಮಾಸ್ಟರು ಒಂದು ಬಿಳಿ ಹಾಳೆ ತಂದು ನನ್ನ ಮುಂದಿಟ್ಟರು. ಅದರ ಮೇಲೆ ನನ್ನಿಂದ ತಪ್ಪೊಪ್ಪಿಗೆ ಬರೆಸಿಕೊಂಡರು. ಅದನ್ನು ಬೆಳಕಿಗೆ ಹಿಡಿದು ನೋಡಿದರು, ಅಡುಗೆಮನೆಯಿಂದ ಅರಿಶಿನ ತರಿಸಿ ಸವರಿದರು, ಕೊನೆಗೆ ಇಸ್ತ್ರಿಯನ್ನೂ ಉಜ್ಜಿದರು. ಇಂಕು ಬಿಟ್ಟು ಬೇರೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಆಗಲೂ ಅನ್ನಿಸಿದ್ದು ಸುಳ್ಳಲ್ಲ.

ಮದುವೆ ಕಳೆದ ಮರುವಾರ ಶಾಲೆಯ ವರಾಂಡದಲ್ಲಿ ಎಲೆ ಹಾಕಿದರು. ಪಾಯಸದ ಬಕೆಟ್ಟು ನನ್ನ ಕೈಗೆ ಬಂತು, ಅದು ನನಗೆ ವಿಧಿಸಿದ ಶಿಕ್ಷೆ. ಮಂಡಿನೋವಿನಲ್ಲೇ ಬಗ್ಗಿ ಬಗ್ಗಿ ಬಡಿಸಿದೆ. ಮೇಡಂ ಮಾತ್ರ ಆ ದಿನವೂ ನನ್ನ ಜೊತೆ ಮಾತಾಡಲಿಲ್ಲ, ಬೇಸಿಗೆ ರಜೆ ಮುಗಿಯುವವರೆಗೂ ಆಡಲಿಲ್ಲ. ಬಾಡಿಗೆಯನ್ನು ಸೊಸೆಯ ಕೈಗೆ ಕೊಟ್ಟು ನನ್ನ ಜಗಲಿ ದಾಟಿ ಹೋಗುತ್ತಿದ್ದರು.

ಜೂನ್‌ನಲ್ಲಿ ಅವರ ಹೆಸರು ಬಂತು. ಮೊಬೈಲಿನಲ್ಲಿ ಅದನ್ನು ತೋರಿಸಲು ಕೆಳಗೆ ಬಂದವರು ಹೋಗದೆ ನಿಂತರು.

"ಒಂದು ಕೇಳ್ತೀನಿ ತಾತ. ನಾನು ಮಹಡೀಲಿ ಅಳ್ತಾ ಕೂತಿದ್ದಾಗ, ಅಷ್ಟೂ ದಿನ, ನೀವು ಕೆಳಗೆ ಊಟ ಹೇಗೆ ಮಾಡಿದ್ರಿ?"

ತಮಾಷೆಯ ಉತ್ತರವೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಈ ಸಲ ನಿಜವನ್ನೇ ಹೇಳಬೇಕೆನ್ನಿಸಿತು.

"ಚೆನ್ನಾಗೇ ಮಾಡ್ದೆ ಕಣವ್ವ" ಎಂದೆ. "ಎರಡ್ನೇ ಸಲ ಸಾರೂ ಆಕುಸ್ಕಂಡೆ."

ಅವರು ತಲೆಯಾಡಿಸಿ ಮೆಟ್ಟಿಲು ಹತ್ತಿದರು.