ಸುಣ್ಣದಡಿಯ ಸಿಪಾಯಿ

ಸೋದರತ್ತೆ ಕ್ಲೇಲಿಯಾಳಿಗೆ ಹೇಗೆ ಹೇಳುವುದೆಂಬ ಚಿಂತೆ ಒಡಿಲಿಯಾಳನ್ನು ಬಿಡಲೊಲ್ಲದು. ಅಮೆರಿಕದ ಲೂಯಿಸಿಯಾನಾದಲ್ಲಿ, ಸ್ಪೇನಿನಿಂದ ಬಂದವರ ಸಂತತಿ ನೆಲೆಸಿದ ಕಡಲಂಚಿನ ಆ ಊರಲ್ಲಿ ಪ್ರತಿ ವರ್ಷ ಸಂತರ ಹಬ್ಬಕ್ಕೆ ಹಿರಿಯರ ಗೋರಿಗೆ ಸುಣ್ಣ ಬಳಿಯುವವಳು ಸೀಗಡಿ ಹಿಡಿಯುವ ಈ ಅತ್ತೆಯೇ. ಅದೇ ಅವಳ ಹೆಮ್ಮೆ. ನಿನ್ನೆ ಒಡಿಲಿಯಾಳ ಕೂಸು ಗೋರಿಯ ಸುಣ್ಣದ ಹಕ್ಕಳೆ ಕಿತ್ತು ಬಾಯಿಗಿಟ್ಟಿತ್ತು. ಗಾಬರಿಯಿಂದ ಕಸಿದುಕೊಂಡವಳಿಗೆ ಕಲ್ಲಿನಲ್ಲಿ ಸ್ಪ್ಯಾನಿಷ್ ಬರಹ ಕಂಡಿತು: ಸೆರ್ಪಾಸ್, ನ್ಯೂ ಆರ್ಲಿಯನ್ಸ್ ಕಾಳಗದ ಸಿಪಾಯಿ. ಇನ್ನೂರು ವರ್ಷದ ಹಿಂದೆ ಬ್ರಿಟಿಷರನ್ನು ಸೋಲಿಸಿದ ಆ ಕಾಳಗವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಳು. ಆದರೆ ಸೆರ್ಪಾಸ್ ಮನೆತನದ ತಮ್ಮವರ ಹೆಸರೊಂದೂ ಅದರಲ್ಲಿರಲಿಲ್ಲ. ಕೆಳಗೆ ಇನ್ನೇನು ಬರೆದಿದೆಯೋ! ನಾಳೆ ಅತ್ತೆ ಮತ್ತೆ ಬಳಿದುಬಿಟ್ಟರೆ? ಕೊನೆಗೆ ಫೋನ್ ಮಾಡಿದಳು.

"ಅತ್ತೆ, ಈ ಸಲ ಸುಣ್ಣ ಬೇಡ."

"ಯಾಕೇ, ಪಟ್ಟಣದಲ್ಲಿ ಓದಿದೋಳಿಗೆ ಬೋಳು ಗೋರೀನೇ ಚೆಂದವೋ?"

"ಪಾಪು ಸುಣ್ಣ ಕಿತ್ತ. ಅಡೀಲಿ ನಮ್ಮ ಸಿಪಾಯಿ ಅಜ್ಜನ ಹೆಸರಿದೆ."



"ಹಾಗಾದ್ರೆ ಆ ತುಂಟನ್ನೂ ಕರ್ಕೊಂಡ್ ಬಾ. ಮಿಕ್ಕಿದ್ದನ್ನ ಒಟ್ಟಿಗೆ ಕೆರೆಯೋಣ."